ಸ್ಪ್ರಿಂಗ್ ಗಟ್ಟಿ ಮಾಡಿಸ್ತೀರಾ? ಸ್ವಲ್ಪ ತಾಳಿ ಮಾರಾಯ್ರೆ

"ಸ್ಟಿಫ್ ಮಾಡಿಸ್ಬಿಟ್ಟೆ ಗುರು, ಈಗ ಗಾಡಿ ಹಳಿ ಮೇಲೆ ಹೋದ ಹಾಗೆ ಹೋಗತ್ತೆ."

ಈ ಮಾತನ್ನ ನಮ್ಮ ಆಫೀಸಿನ ಪಾರ್ಕಿಂಗಿನಲ್ಲಿ ಈ ತಿಂಗಳು ಮೂರನೇ ಸಲ ಕೇಳಿದೆ. ಹೇಳಿದವರು ಬೇರೆ ಬೇರೆ, ಕಾರು ಬೇರೆ ಬೇರೆ, ಡೈಲಾಗ್ ಮಾತ್ರ ಒಂದೇ. ಹೊಸ ಹ್ಯಾಚ್‌ಬ್ಯಾಕ್ ತಗೊಂಡು ಆರು ತಿಂಗಳಾಗಿರಲ್ಲ, ಇಎಂಐ ಇನ್ನೂ ನಾಲ್ಕೂವರೆ ವರ್ಷ ಬಾಕಿ, ಅಷ್ಟರಲ್ಲಿ ಕಂಪನಿ ಕೊಟ್ಟ ಸ್ಪ್ರಿಂಗ್ ಬಿಚ್ಚಿಸಿ, ಗಾಡಿಯನ್ನ ನಲವತ್ತು ಮಿಲಿಮೀಟರ್ ತಗ್ಗಿಸೋ ಬಣ್ಣದ ಸ್ಪ್ರಿಂಗ್ ಹಾಕಿಸಿರ್ತಾರೆ. ಅಷ್ಟು ದುಡ್ಡು ಬೇಡ ಅನ್ನೋರು ಇರೋ ಸ್ಪ್ರಿಂಗನ್ನೇ ಒಂದು ಸುತ್ತು ಕತ್ತರಿಸಿ ಕೂರಿಸ್ತಾರೆ. ಯಾಕಪ್ಪಾ ಅಂತ ಕೇಳಿದರೆ ಉತ್ತರ ರೆಡಿ: ಹ್ಯಾಂಡ್ಲಿಂಗ್!

ನಾನು ಮೆಕ್ಯಾನಿಕಲ್ ಓದಿ ಜಾವಾ ಬರೆಯೋ ಜಾತಿಗೆ ಸೇರಿದವನು (ನಮ್ಮ ಸಂಖ್ಯೆ ಬೆಂಗಳೂರಲ್ಲಿ ಸಣ್ಣದೇನಲ್ಲ). ನಾಲ್ಕು ವರ್ಷದಲ್ಲಿ ಪ್ರೀತಿಯಿಂದ ಓದಿದ್ದು ವೈಬ್ರೇಷನ್ಸ್ ಅನ್ನೋ ಒಂದೇ ಒಂದು ಪೇಪರ್. ಆ ಋಣ ತೀರಿಸೋಕಾದರೂ ಇವತ್ತು ಇದನ್ನ ಬರೆದೇ ಬಿಡ್ತೀನಿ. ಮೊದಲೇ ಹೇಳಿಬಿಡ್ತೀನಿ, ಇದು ಜಗಳದ ಬರಹ. ಫ್ರಂಟ್ ವ್ಹೀಲ್ ಡ್ರೈವ್ ಕಾರಿನ ಮುಂದಿನ ಸ್ಪ್ರಿಂಗನ್ನ ಗಟ್ಟಿ ಮಾಡಿಸಿದರೆ ಹ್ಯಾಂಡ್ಲಿಂಗ್ ಸುಧಾರಿಸತ್ತೆ ಅನ್ನೋದು ನಮ್ಮ ರಸ್ತೆಗಳ ಮಟ್ಟಿಗೆ ಶುದ್ಧ ಮೂಢನಂಬಿಕೆ. ಕೆಲವು ಸಲ ಅಪಾಯದ ಮೂಢನಂಬಿಕೆ.

ನಮ್ಮ ಹ್ಯಾಚ್‌ಬ್ಯಾಕುಗಳ ಮುಂದಿನ ಚಕ್ರಗಳ ಪಾಡು ನೋಡಿ. ಎಂಜಿನ್, ಗೇರ್‌ಬಾಕ್ಸ್ ಎರಡೂ ಅದರ ತಲೆ ಮೇಲೆ. ಗಾಡಿಯ ತೂಕದಲ್ಲಿ ಶೇಕಡಾ ಅರವತ್ತಕ್ಕೂ ಹೆಚ್ಚು ಹೊರೋದು ಅವೇ, ಎಳೆಯೋದು ಅವೇ, ತಿರುಗಿಸೋದು ಅವೇ, ಬ್ರೇಕಿನ ದೊಡ್ಡ ಪಾಲೂ ಅವುಗಳದ್ದೇ. ಹಿಂದಿನ ಎರಡು ಚಕ್ರ ಸುಮ್ಮನೆ ದಿಬ್ಬಣದ ಹಿಂದೆ ನಡೆದು ಬರೋ ನೆಂಟರ ಹಾಗೆ. ಹಿಂದೆ ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ಕೆಲಸ ಹಂಚಿಕೆಯಾಗಿತ್ತು. ಹಿಂದಿನ ಚಕ್ರ ತಳ್ಳೋದು, ಮುಂದಿನದು ತಿರುಗಿಸೋದು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಮೇಲೆ ನಮ್ಮ ಮಧ್ಯಮವರ್ಗ ನಿಧಾನಕ್ಕೆ ಪೂರ್ತಿ ಈ ಕಡೆ ವಾಲಿತು. ಇಷ್ಟೆಲ್ಲಾ ಕೆಲಸ ಮಾಡೋ ಟೈರು ನೆಲ ಬಿಡದ ಹಾಗೆ ನೋಡಿಕೊಳ್ಳೋದೇ ಮುಂದಿನ ಸ್ಪ್ರಿಂಗಿನ ಮೊದಲ ಕೆಲಸ. ಗಾಡಿ ವಾಲೋದನ್ನ ತಡೆಯೋದು ಆಮೇಲಿನ ಮಾತು.

ಈಗ ಸ್ವಲ್ಪ ಲೆಕ್ಕ. ಹೆದರಬೇಡಿ, ಪಿಯುಸಿ ಲೆಕ್ಕವೇ :-)

ನಮ್ಮ 'ಸ್ಪ್ರಿಂಗ್ ಪಂಡಿತ'ರ ಮೊದಲ ತಪ್ಪು, ಸ್ಪ್ರಿಂಗಿನ ಗಟ್ಟಿತನವನ್ನ ಒಂದು ಒಂಟಿ ಸಂಖ್ಯೆಯಾಗಿ ನೋಡೋದು. ಒಂದು ಮಿಲಿಮೀಟರ್ ಒತ್ತೋಕೆ ಇಷ್ಟು ನ್ಯೂಟನ್ ಬೇಕು, ಅಷ್ಟೇ, ಹೆಚ್ಚಿದ್ದರೆ ಸ್ಪೋರ್ಟಿ, ಕಮ್ಮಿ ಇದ್ದರೆ ಅಂಕಲ್ ಗಾಡಿ. ಆದರೆ ಒಂದೇ ಸ್ಪ್ರಿಂಗು ಹಗುರ ಗಾಡಿಗೆ ಕಲ್ಲು, ಭಾರದ ಗಾಡಿಗೆ ಹಾಸಿಗೆ. ಹಾಗಾಗಿ ನೋಡಬೇಕಾದ್ದು ಫ್ರೀಕ್ವೆನ್ಸಿ. ಶಾಕ್ ಅಬ್ಸಾರ್ಬರ್ ಇಲ್ಲ ಅಂದುಕೊಂಡು ಗಾಡಿಯ ಒಂದು ಮೂಲೆಯನ್ನ ಒತ್ತಿ ಬಿಟ್ಟರೆ ಅದು ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡತ್ತೆ ಅನ್ನೋ ಲೆಕ್ಕ ಅದು. ಗಟ್ಟಿತನವನ್ನ ತೂಕದಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈ ಇಂದ ಭಾಗಿಸಿದರೆ ಮುಗೀತು. ಮನೆಮಂದಿ ಓಡಾಡೋ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಹರ್ಟ್ಜ್ ಆಸುಪಾಸು ಇರತ್ತೆ, ರೇಸ್ ಕಾರುಗಳಲ್ಲಿ ಎರಡು ದಾಟತ್ತೆ. ಮನುಷ್ಯನ ದೇಹಕ್ಕೆ ಕೂತಲ್ಲಿ ಅತ್ಯಂತ ಕಿರಿಕಿರಿ ಆಗೋದು ನಾಲ್ಕರಿಂದ ಎಂಟು ಹರ್ಟ್ಜಿನ ಮೇಲೆ-ಕೆಳಗಿನ ಕುಲುಕಾಟ. ಸ್ಪ್ರಿಂಗ್ ಗಟ್ಟಿ ಮಾಡ್ತಾ ಹೋದ ಹಾಗೆ ಆ ಕುಲುಕಾಟ ಹೆಚ್ಚು ಹೆಚ್ಚು ಒಳಗೆ ನುಗ್ಗತ್ತೆ. ಅಮ್ಮನಿಗೆ ಬೆನ್ನು ನೋವು ಬಂದರೆ ಸೀಟಿನ ತಪ್ಪಲ್ಲ ಅದು.

ಒಂದು ಕಾಲ್ಪನಿಕ ಕಾರು ತಗೊಳ್ಳೋಣ, ನಮ್ಮ ಸಣ್ಣ ಹ್ಯಾಚ್‌ಬ್ಯಾಕುಗಳ ಅಣ್ಣನೋ ತಮ್ಮನೋ ಅಂದುಕೊಳ್ಳಿ. ಖಾಲಿ ತೂಕ 850 ಕೆ.ಜಿ., ಅದರಲ್ಲಿ ಶೇಕಡಾ 62 ಮುಂದೆ. 70 ಕೆ.ಜಿ.ಯ ಡ್ರೈವರ್ ಕೂತರೆ ಮುಂದೆ ಸುಮಾರು 562, ಹಿಂದೆ 358. ಚಕ್ರ, ಬ್ರೇಕು ಇತ್ಯಾದಿ ಸ್ಪ್ರಿಂಗಿನ ಕೆಳಗಿರೋ ತೂಕ ಕಳೆದು ಎರಡರಿಂದ ಭಾಗಿಸಿದರೆ ಮುಂದಿನ ಒಂದೊಂದು ಮೂಲೆ ಸುಮಾರು 246 ಕೆ.ಜಿ. ಹೊರತ್ತೆ, ಹಿಂದಿನದು 149. ಮುಂದೆ 1.3 ಹರ್ಟ್ಜ್ ಬೇಕು ಅಂದರೆ ಚಕ್ರದ ಹತ್ತಿರ ಮಿಲಿಮೀಟರಿಗೆ 16.4 ನ್ಯೂಟನ್ ಬೇಕು. ಹಿಂದೆ 1.5 ಬೇಕು ಅಂದರೆ 13.2 ಸಾಕು. ಗಮನಿಸಿದಿರಾ? ಸಂಖ್ಯೆಯಲ್ಲಿ ಹಿಂದಿನ ಸ್ಪ್ರಿಂಗು ಮೆತ್ತಗೆ, ಆದರೆ ನಡವಳಿಕೆಯಲ್ಲಿ ಗಟ್ಟಿ. ಬರೀ ಡಬ್ಬಿ ಮೇಲಿನ ನಂಬರ್ ನೋಡಿ ತೀರ್ಮಾನ ಮಾಡೋರು ಮೊದಲ ಹೆಜ್ಜೆಯಲ್ಲೇ ಎಡವಿದರು.

ಅದೂ ಅಲ್ಲದೆ ನಾನು ಹೇಳಿದ್ದು ಚಕ್ರದ ಹತ್ತಿರದ ಲೆಕ್ಕ. ಸ್ಪ್ರಿಂಗು ಚಕ್ರದ ಮೇಲೇ ಕೂತಿರಲ್ಲವಲ್ಲ. ಮುಂದಿನ ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಚಕ್ರ ಮತ್ತು ಸ್ಪ್ರಿಂಗು ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ಚಲಿಸತ್ತೆ. ಹಿಂದಿನ ಟಾರ್ಷನ್ ಬೀಮಿನಲ್ಲಿ ಸ್ಪ್ರಿಂಗು ಚಕ್ರಕ್ಕಿಂತ ಮುಂದಕ್ಕೆ ಕೂತಿದ್ದರೆ ಚಕ್ರ ಹತ್ತು ಮಿಲಿಮೀಟರ್ ಎದ್ದಾಗ ಸ್ಪ್ರಿಂಗು ಎಂಟೇ ಮಿಲಿಮೀಟರ್ ಒತ್ತಬಹುದು. ಆಗ ಆ 0.8 ಅನ್ನು ವರ್ಗ ಮಾಡಬೇಕು, 0.64. ಅಂದರೆ ಚಕ್ರದಲ್ಲಿ 13.2 ಸಿಗೋಕೆ ಅಂಗಡಿಯಲ್ಲಿ 20ಕ್ಕೂ ಹೆಚ್ಚಿನ ಸ್ಪ್ರಿಂಗು ಕೇಳಬೇಕು. ಈ ಅನುಪಾತ ಗೊತ್ತಿಲ್ಲದೆ 'ಆ ಕಾರಿನ ಸ್ಪ್ರಿಂಗ್ ಈ ಕಾರಿಗೆ ಕೂರತ್ತೆ' ಅಂತ ಹಾಕೋದು, ಬೇರೆಯವರ ಕನ್ನಡಕ ಹಾಕ್ಕೊಂಡು 'ಕಿವಿಗೆ ಸರಿಯಾಗಿ ಕೂರ್ತಲ್ಲ' ಅಂದ ಹಾಗೆ.

ಹಿಂದೆ ಯಾಕೆ ಹೆಚ್ಚು ಹರ್ಟ್ಜ್? ಇದನ್ನ ಅಳೆದು ತೋರಿಸಿದವನು ಮಾರಿಸ್ ಓಲಿ ಅನ್ನೋ ಎಂಜಿನಿಯರ್. ಮೊದಲು ರೋಲ್ಸ್ ರಾಯ್ಸ್‌ನಲ್ಲಿದ್ದು, 1930ರ ದಶಕದ ಆರಂಭದಲ್ಲಿ ಅಮೆರಿಕದ ಕ್ಯಾಡಿಲಾಕ್‌ನಲ್ಲಿ, ತೂಕಗಳನ್ನ ಹಿಂದೆ ಮುಂದೆ ಸರಿಸಬಹುದಾದ ಒಂದು ಪ್ರಯೋಗದ ಕಾರು ಮಾಡಿಕೊಂಡು ಜನರನ್ನ ಕೂರಿಸಿ ಓಡಿಸಿದ. ಉಬ್ಬು ಸಿಕ್ಕಾಗ ಮೊದಲು ಏಳೋದು ಮೂತಿ, ಆಮೇಲೆ ಬಾಲ. 2.4 ಮೀಟರ್ ವ್ಹೀಲ್‌ಬೇಸಿನ ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಹಿಂದಿನ ಚಕ್ರ 0.14 ಸೆಕೆಂಡ್ ತಡವಾಗಿ ಅದೇ ಉಬ್ಬು ಹತ್ತತ್ತೆ. ತಡವಾಗಿ ಶುರು ಮಾಡಿದವನು ಸ್ವಲ್ಪ ಚುರುಕಾಗಿ ಆಡಿದರೆ ಒಂದು ಒಂದೂವರೆ ಸುತ್ತಿನಲ್ಲಿ ಮುಂದಿನವನನ್ನ ಹಿಡೀತಾನೆ, ಇಬ್ಬರೂ ಒಟ್ಟಿಗೆ ಏಳ್ತಾರೆ, ಒಟ್ಟಿಗೆ ಇಳೀತಾರೆ. ಕಾರು ಕುದುರೆ ಹಾಗೆ ಮುಂದೆ ಹಿಂದೆ ತೂಗಾಡಲ್ಲ. ಹಿಂದಿನದು ಹೆಚ್ಚು, ಮುಂದಿನದು ಕಮ್ಮಿ ಅನ್ನೋ ಈ ಸೂತ್ರಕ್ಕೆ ತೊಂಬತ್ತು ವರ್ಷ ದಾಟಿದೆ. ಮುಂದಿನ ಸ್ಪ್ರಿಂಗ್ ಮಾತ್ರ ಗಟ್ಟಿ ಮಾಡಿಸೋ ನಮ್ಮ ಹುಡುಗರು ಅದನ್ನ ಅರ್ಧ ಗಂಟೆಯಲ್ಲಿ, ಒಂದು ಸ್ಪ್ಯಾನರ್ ಹಿಡಿದು ತಲೆಕೆಳಗು ಮಾಡ್ತಾರೆ.

ಆದರೆ ಎಲ್ಲಕ್ಕಿಂತ ತಲೆನೋವಿನ ಭಾಗ ಇರೋದು ಹಿಂದೆ. ಇದರ ಬಗ್ಗೆ ಯಾರೂ ಮಾತೇ ಆಡಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ.

ಮೇಲಿನ ಅದೇ ಕಾರಿಗೆ ಒಂದು ಸಂಸಾರ ತುಂಬಿಸಿ. ಮುಂದೆ ಇನ್ನೊಬ್ಬರು, ಹಿಂದೆ ಮೂವರು, ಡಿಕ್ಕಿಯಲ್ಲಿ 50 ಕೆ.ಜಿ. ಲಗೇಜು (ಊರಿಂದ ವಾಪಸ್ ಬರೋವಾಗ ತೆಂಗಿನಕಾಯಿ, ಅಕ್ಕಿ ಎಲ್ಲ ಸೇರಿ ಇಷ್ಟಂತೂ ಗ್ಯಾರಂಟಿ). ಒಟ್ಟು 330 ಕೆ.ಜಿ. ಹೆಚ್ಚಾಯ್ತು. ಅದರಲ್ಲಿ ಮುಂದಿನ ಚಕ್ರಗಳಿಗೆ ಹೋಗೋದು ಬರೀ 70ರಷ್ಟು, ಉಳಿದ 260 ಪೂರ್ತಿ ಹಿಂದಕ್ಕೆ. ಹಿಂದಿನ ಒಂದು ಮೂಲೆ ಹೊರೋ ತೂಕ 149 ಇದ್ದದ್ದು 278 ಆಗತ್ತೆ. ಹೆಚ್ಚುಕಮ್ಮಿ ಎರಡರಷ್ಟು! ಮುಂದಿನದು 246ರಿಂದ 282, ಅಷ್ಟೇ. ಈಗ 13.2ರ ಸ್ಪ್ರಿಂಗು ಇದ್ದರೆ ಹಿಂಭಾಗ 96 ಮಿಲಿಮೀಟರ್ ಕುಸಿಯತ್ತೆ, ಫ್ರೀಕ್ವೆನ್ಸಿ 1.5ರಿಂದ 1.1ಕ್ಕೆ ಇಳಿಯತ್ತೆ. ಮುಂದಿನದು 1.2ರಲ್ಲೇ ಇರತ್ತೆ. ಓಲಿಯ ಸೂತ್ರ ಉಲ್ಟಾ, ಹೆಡ್‌ಲೈಟು ಆಕಾಶಕ್ಕೆ, ಡಿಕ್ಕಿಯ ತಳ ಹಂಪಿಗೆ.

ಹಾಗಾಗಿ ಕಂಪನಿಯ ಎಂಜಿನಿಯರ್ ಏನು ಮಾಡ್ತಾನೆ? ಹಿಂದೆ 1.8 ಹರ್ಟ್ಜಿಗೆ ಹೋಗ್ತಾನೆ ಅಂದುಕೊಳ್ಳಿ. ಅಂದರೆ 19 ನ್ಯೂಟನ್. ತುಂಬಿದ ಗಾಡಿ ಆಗ 66 ಮಿಲಿಮೀಟರ್ ಕುಸಿದು 1.3ರಲ್ಲಿ ನಿಲ್ಲತ್ತೆ, ಮುಂದಿನದಕ್ಕಿಂತ ಇನ್ನೂ ಸ್ವಲ್ಪ ಮೇಲೇ. ಕೊನೆಯ ಭಾಗಕ್ಕೆ ಮೆತ್ತನೆ ರಬ್ಬರಿನಂಥ ಬಂಪ್ ಸ್ಟಾಪ್ ಸಹಾಯಕ್ಕೆ ಇಡ್ತಾನೆ, ಇಲ್ಲವೇ ಸುತ್ತುಗಳ ಅಂತರ ಬದಲಾಗೋ ಪ್ರೋಗ್ರೆಸ್ಸಿವ್ ಸ್ಪ್ರಿಂಗ್ ಹಾಕ್ತಾನೆ. ಇದಕ್ಕೆ ಅವನು ತೆರೋ ಬೆಲೆ ಅಂದರೆ, ಒಬ್ಬನೇ ಓಡಿಸೋವಾಗ ಗಾಡಿಯ ಹಿಂಭಾಗ ಗುಂಡಿಯಲ್ಲಿ ಸ್ವಲ್ಪ ಎಗರತ್ತೆ. ನಮ್ಮ ಪೇಪರುಗಳ ವಾಹನ ಪುರವಣಿಯವರು ಒಬ್ಬರೇ ಕೂತು ಟೆಸ್ಟ್ ಡ್ರೈವ್ ಮಾಡಿ 'ಹಿಂದಿನ ಸಸ್ಪೆನ್ಷನ್ ಸ್ವಲ್ಪ ಒರಟು' ಅಂತ ಬರೀತಾರೆ. ಸ್ವಾಮಿ, ಅದು ನಿಮ್ಮೊಬ್ಬರಿಗೆ ಮಾಡಿದ್ದಲ್ಲ! ಅತ್ತೆ ಮಾವ ಮಗು ತೆಂಗಿನಕಾಯಿ ಎಲ್ಲ ಇಟ್ಟುಕೊಂಡು ಸಕಲೇಶಪುರ ದಾಟಿ ನೋಡಿ, ಆಮೇಲೆ ಬರೀರಿ. ನಾನು ಇಲ್ಲಿಯವರೆಗೆ ಓದಿದ ಕನ್ನಡದ ಕಾರು ವಿಮರ್ಶೆಗಳಲ್ಲಿ ಪೂರ್ತಿ ಲೋಡಿನಲ್ಲಿ ಓಡಿಸಿ ನೋಡಿದ ಒಂದೂ ಕಂಡಿಲ್ಲ. ಕಪ್ ಹೋಲ್ಡರ್ ಎಷ್ಟು ಅಂತ ಮಾತ್ರ ತಪ್ಪದೆ ಎಣಿಸಿರ್ತಾರೆ.

ಈಗ ತಿರುವಿಗೆ ಬರೋಣ. ಜಗಳ ಇರೋದೇ ಇಲ್ಲಿ.

ತಿರುವಿನಲ್ಲಿ ತೂಕ ಒಳಗಿನ ಚಕ್ರದಿಂದ ಹೊರಗಿನ ಚಕ್ರಕ್ಕೆ ಹೋಗತ್ತೆ. ಎಷ್ಟು ಹೋಗತ್ತೆ ಅನ್ನೋದನ್ನ ನಿರ್ಧರಿಸೋದು ಮುಖ್ಯವಾಗಿ ಮೂರು: ಎಷ್ಟು ಜೋರಾಗಿ ತಿರುಗಿದಿರಿ, ಗಾಡಿಯ ಗುರುತ್ವ ಕೇಂದ್ರ ಎಷ್ಟು ಎತ್ತರ, ಎಡ ಬಲ ಚಕ್ರಗಳ ನಡುವೆ ಎಷ್ಟು ಅಗಲ. ಡ್ರೈವರ್ ಸೇರಿ 920 ಕೆ.ಜಿ.ಯ ನಮ್ಮ ಕಾರು, ಕೇಂದ್ರ 53 ಸೆಂ.ಮೀ. ಎತ್ತರ, ಅಗಲ 1.45 ಮೀಟರ್, ತಿರುವು ಅರ್ಧ ಜಿ. ಅಂದರೆ ಸುಮಾರು 168 ಕೆ.ಜಿ. ಆಚೆ ಹೋಗತ್ತೆ. ಸ್ಪ್ರಿಂಗನ್ನ ಬೆಣ್ಣೆಯಲ್ಲಿ ಮಾಡಿ, ಕಬ್ಬಿಣದ ಸರಳಲ್ಲಿ ಮಾಡಿ, ಈ 168 ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಸ್ಪ್ರಿಂಗು ಮಾಡೋದು ಆ 168ರಲ್ಲಿ ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಅನ್ನೋ ಪಾಲುಪಟ್ಟಿ ಮಾತ್ರ. ಯಾವ ತುದಿ ಗಟ್ಟಿಯೋ ಆ ತುದಿಗೆ ಹೆಚ್ಚು ಪಾಲು.

ಟೈರಿನ ಸ್ವಭಾವ ಒಂದಿದೆ. ತೂಕ ಹೆಚ್ಚಿದಷ್ಟೂ ಹಿಡಿತ ಹೆಚ್ಚತ್ತೆ, ಆದರೆ ಅದೇ ಪ್ರಮಾಣದಲ್ಲಲ್ಲ. 300 ಕೆ.ಜಿ. ಹೊತ್ತ ಟೈರು 300 ಹಿಡಿತ ಕೊಡತ್ತೆ ಅಂದುಕೊಳ್ಳಿ. 400 ಹೊರಿಸಿದರೆ 370 ಕೊಡಬಹುದು, 200ಕ್ಕೆ ಇಳಿಸಿದರೆ 215. ಎರಡು ಟೈರೂ 300-300 ಇದ್ದಾಗ ಒಟ್ಟು 600 ಸಿಗ್ತಿತ್ತು, 400-200 ಆದಾಗ 585. (ಈ ಅಂಕಿ ಅರ್ಥ ಆಗಲಿ ಅಂತ ನಾನು ಇಟ್ಟುಕೊಂಡಿದ್ದು, ಸ್ವಭಾವ ಮಾತ್ರ ನಿಜ.) ಅಂದರೆ ಯಾವ ಜೋಡಿಯಲ್ಲಿ ಏರುಪೇರು ಜಾಸ್ತಿಯೋ ಆ ಜೋಡಿಯ ಹಿಡಿತ ಕಮ್ಮಿ. ಈಗ ಹೇಳಿ, ಮೊದಲೇ ಎಳೆದು ತಿರುಗಿಸಿ ಸುಸ್ತಾಗಿರೋ ಮುಂದಿನ ಜೋಡಿಗೆ ಇನ್ನಷ್ಟು ಏರುಪೇರು ಹೊರಿಸಿದರೆ ಆಗೋದೇನು? ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗತ್ತೆ. ಅದಕ್ಕೇ ಅಂಡರ್‌ಸ್ಟಿಯರ್ ಅನ್ನೋದು. ನಿಮ್ಮ ಗಾಡಿ ವಾಲೋದು ಕಮ್ಮಿಯಾಗಿದೆ, ಹಿಡಿತವೂ ಕಮ್ಮಿಯಾಗಿದೆ. ವಾಲೋದು ಕಣ್ಣಿಗೆ ಕಾಣತ್ತೆ, ಹಿಡಿತ ಕಾಣಲ್ಲ. ಎಲ್ಲ ಎಡವಟ್ಟಿನ ಮೂಲ ಇದೇ.

ಇನ್ನು ಮಳೆಯಲ್ಲಿ ಆಗುಂಬೆ ಹತ್ತೋವಾಗ ಗಾಡಿಯ ತೂಕ ಹಿಂದಕ್ಕೆ ಜಾರಿರತ್ತೆ, ಹೇರ್‌ಪಿನ್ನಿನಲ್ಲಿ ಒಳಗಿನ ಮುಂದಿನ ಚಕ್ರ ಇನ್ನೂ ಹಗುರ. ಸಾಮಾನ್ಯ ಡಿಫರೆನ್ಷಿಯಲ್ ಆ ಹಗುರ ಚಕ್ರಕ್ಕೆ ಸಾಧ್ಯವಾದಷ್ಟೇ ಬಲವನ್ನ ಇನ್ನೊಂದಕ್ಕೂ ಕೊಡೋದು. ಮುಂದಿನ ಸ್ಪ್ರಿಂಗ್ ಗಟ್ಟಿ ಇದ್ದರೆ ಒಳಚಕ್ರ ಕೊಂಯ್ ಅಂತ ಸುತ್ತತ್ತೆ, ಗಾಡಿ ಅಲ್ಲೇ. ಆಗ ಡ್ರೈವರ್ 'ಪಿಕಪ್ ಇಲ್ಲ' ಅಂತ ಎಂಜಿನ್ನಿಗೆ ಬೈತಾನೆ!

ತಗ್ಗಿಸೋದರ ಕಥೆ ಇನ್ನೂ ಘೋರ. ಗಾಡಿ ನಿಂತ ಎತ್ತರದಿಂದ ಬಂಪ್ ಸ್ಟಾಪ್ ತನಕ ಚಕ್ರಕ್ಕೆ 80 ಮಿಲಿಮೀಟರ್ ಜಾಗ ಇದೆ ಅಂದುಕೊಳ್ಳಿ. 40 ತಗ್ಗಿಸಿದಿರಿ, ಉಳಿದದ್ದು 40. ಸ್ಪ್ರಿಂಗು ಹೀರೋ ಶಕ್ತಿ ಚಲನೆಯ ವರ್ಗದ ಲೆಕ್ಕ. ಮೊದಲು 80ರಲ್ಲಿ ಹೀರುತ್ತಿದ್ದ ಏಟನ್ನ 40ರಲ್ಲಿ ಹೀರಬೇಕು ಅಂದರೆ ಸ್ಪ್ರಿಂಗು ನಾಲ್ಕು ಪಟ್ಟು ಗಟ್ಟಿ ಇರಬೇಕು. ಫ್ರೀಕ್ವೆನ್ಸಿ ಎರಡು ಪಟ್ಟು, 2.6 ಹರ್ಟ್ಜ್, ಅದರಲ್ಲಿ ಮನೆಮಂದಿ ಕೂರೋಕಾಗಲ್ಲ. ಹಾಗಾಗಿ ಮಾರೋರು ಅಷ್ಟು ಗಟ್ಟಿ ಕೊಡಲ್ಲ. ಶೇಕಡಾ ಮೂವತ್ತು ಜಾಸ್ತಿ ಕೊಟ್ಟರು ಅಂದುಕೊಂಡರೂ ಅದೇ ಏಟಿಗೆ 70 ಮಿಲಿಮೀಟರ್ ಬೇಕು. ಇರೋದು 40. ಉಳಿದ 30ಕ್ಕೆ? ಬಂಪ್ ಸ್ಟಾಪ್ ದೇವರೇ ಗತಿ.

ಇದನ್ನ ನಾನು ಹಿಂದಿನ ಸೀಟಿನಲ್ಲಿ ಕೂತು ಅನುಭವಿಸಿದ್ದೀನಿ. ಜೊತೆಯಲ್ಲಿ ಕೆಲಸ ಮಾಡೋ ಹುಡುಗನೊಬ್ಬ ಹಾಗೆ ತಗ್ಗಿಸಿದ ಕಾರಿನಲ್ಲಿ ನಮ್ಮನ್ನ ಧರ್ಮಸ್ಥಳಕ್ಕೆ ಕರಕೊಂಡು ಹೊರಟ. ಅವನ ಅಪ್ಪ ಅಮ್ಮನೂ ಇದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳೀತಾ ಇದ್ದೀವಿ, ಜುಲೈ ತಿಂಗಳ ಮಂಜು, ಮಳೆ. ವೇಗವೇನೂ ಇರಲಿಲ್ಲ, ನಲವತ್ತು ಇರಬಹುದು. ಇಳಿಜಾರು, ಬ್ರೇಕ್ ಮೇಲೆ ಕಾಲು, ಮೂತಿ ಕೆಳಗೆ. ಎಡ ತಿರುವಿನ ನಡುವೆ ಒಂದು ಗುಂಡಿ. ಮುಂದಿನ ಬಲಚಕ್ರ ಅದರಲ್ಲಿ ಇಳಿದು ಎದ್ದಾಗ 'ಟಕ್' ಅಂತ ಒಂದು ಶಬ್ದ, ಅಷ್ಟೇ. ಆಮೇಲೆ ಸ್ಟೀರಿಂಗ್ ಎಡಕ್ಕೆ, ಗಾಡಿ ನೇರಕ್ಕೆ. ರಸ್ತೆಯ ಬಲಭಾಗಕ್ಕೆ ಪೂರ್ತಿ ಹೋದೆವು. ಮೇಲೆ ಬರುತ್ತಿದ್ದ ಕೆಂಪು ಬಸ್ಸಿನ ಡ್ರೈವರ್ ಅನುಭವಸ್ಥ, ಮೊದಲೇ ನಿಲ್ಲಿಸಿಬಿಟ್ಟಿದ್ದ. ಬಸ್ಸಿನ ಬಂಪರಿಗೂ ನಮಗೂ ಒಂದು ಮಾರು ಅಂತರ. ಹುಡುಗನ ಅಮ್ಮ ಉಜಿರೆ ಬರೋ ತನಕ ಒಂದು ಮಾತಾಡಲಿಲ್ಲ.

ಆದದ್ದೇನು? ಬಂಪ್ ಸ್ಟಾಪ್ ಮುಟ್ಟಿದ ಕ್ಷಣ ಆ ಮೂಲೆಯ ಗಟ್ಟಿತನ ಏಕಾಏಕಿ ಹಲವು ಪಟ್ಟು ಹೆಚ್ಚತ್ತೆ. ಆ ಕ್ಷಣಕ್ಕೆ ಮುಂದಿನ ಜೋಡಿಯ ಪಾಲು ಪೂರ್ತಿ ಹೊರಗಿನ ಟೈರಿನ ಮೇಲೆ. ಒದ್ದೆ ರಸ್ತೆಯಲ್ಲಿ ಅದು ಸೋತಿತು. ಸ್ಪ್ರಿಂಗ್ ಹಾಕಿಕೊಟ್ಟ ಅಂಗಡಿಯವನನ್ನ ಆಮೇಲೆ ಕೇಳಿದರೆ ಅವನು ಹೇಳಿದ್ದು, "ಘಾಟಿಗೆ ಸ್ವಲ್ಪ ಇನ್ನೂ ಸ್ಟಿಫ್ ಬೇಕು ಸಾರ್, ಬೇರೆ ಸೆಟ್ ಇದೆ." ಏನು ಹೇಳ್ತೀರಿ ಇದಕ್ಕೆ?

ಇನ್ನೂ ಒಂದು ತಮಾಷೆ ಇದೆ. ತಗ್ಗಿಸಿದ ಕಾರು ಕಮ್ಮಿ ವಾಲಬೇಕು ತಾನೆ? ಮ್ಯಾಕ್‌ಫರ್ಸನ್ ಸ್ಟ್ರಟ್ಟಿನಲ್ಲಿ ಅದೂ ಗ್ಯಾರಂಟಿ ಇಲ್ಲ. ಗಾಡಿ ತಗ್ಗಿದಾಗ ಕೆಳಗಿನ ತೋಳು ಹೊರಗಡೆ ಮೇಲೆ ಮುಖ ಮಾಡತ್ತೆ. ಆಗ ಗಾಡಿ ಯಾವ ಬಿಂದುವಿನ ಸುತ್ತ ವಾಲತ್ತೋ ಆ ರೋಲ್ ಸೆಂಟರ್, ಗಾಡಿ ತಗ್ಗಿದ್ದಕ್ಕಿಂತ ಹೆಚ್ಚು ತಗ್ಗತ್ತೆ. ಬಿಂದುವಿಗೂ ಗುರುತ್ವ ಕೇಂದ್ರಕ್ಕೂ ಅಂತರ ಹೆಚ್ಚಾಗಿ, ವಾಲಿಸೋ ಸನ್ನೆಯ ಉದ್ದ ಹೆಚ್ಚಾಗತ್ತೆ. ದುಡ್ಡು ಕೊಟ್ಟು ವಾಲಿಸಿಕೊಂಡ ಹಾಗೆ. ಜೊತೆಗೆ ಚಕ್ರದ ಕೋನಗಳೂ ಬದಲಾಗತ್ತೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಟೈರು ಒಂದು ಪಕ್ಕ ಸವೆದು ಹೋಗತ್ತೆ. ಶಾಕ್ ಅಬ್ಸಾರ್ಬರ್ ಹಳೇದೇ ಇದ್ದರೆ, ಸ್ಪ್ರಿಂಗು ಶೇಕಡಾ ಮೂವತ್ತು ಗಟ್ಟಿಯಾದಾಗ ಅದರ ಹತೋಟಿ ಶೇಕಡಾ ಹನ್ನೆರಡರಷ್ಟು ಕಮ್ಮಿ. ಗಾಡಿ ಎದ್ದದ್ದು ಕೂರಲ್ಲ.

ಕತ್ತರಿಸೋರ ಬಗ್ಗೆ ಜಾಸ್ತಿ ಬರೆಯೋಕೂ ಮನಸ್ಸಿಲ್ಲ. ಸ್ಪ್ರಿಂಗಿನ ಗಟ್ಟಿತನ ತಂತಿಯ ದಪ್ಪದ ನಾಲ್ಕನೇ ಘಾತ, ಸುರುಳಿಯ ವ್ಯಾಸದ ಘನಕ್ಕೆ ವಿಲೋಮ, ಸುತ್ತುಗಳ ಸಂಖ್ಯೆಗೂ ವಿಲೋಮ. ಕೆಲಸ ಮಾಡೋ ಆರು ಸುತ್ತಿನಲ್ಲಿ ಒಂದನ್ನ ಕತ್ತರಿಸಿದರೆ ಶೇಕಡಾ ಇಪ್ಪತ್ತು ಗಟ್ಟಿ. ಸರಿ. ಆದರೆ ಕತ್ತರಿಸಿದ ತುದಿ ತನ್ನ ತಟ್ಟೆಯಲ್ಲಿ ಸರಿಯಾಗಿ ಕೂರಲ್ಲ, ಚಕ್ರ ಪೂರ್ತಿ ಇಳಿಬಿದ್ದಾಗ ಸ್ಪ್ರಿಂಗು ಸಡಿಲವಾಗಿ ಜಾಗ ಬಿಟ್ಟು ಹೊರಳಬಹುದು. ಗ್ಯಾಸ್ ಟಾರ್ಚಿನಲ್ಲಿ ಕತ್ತರಿಸಿದರೆ ಉಕ್ಕಿನ ಹದವೇ ಕೆಡತ್ತೆ. ಇದನ್ನ 'ಜುಗಾಡ್' ಅಂತ ಹೆಮ್ಮೆಯಿಂದ ಹೇಳೋರಿಗೆ ನನ್ನ ದೂರದ ನಮಸ್ಕಾರ.

ಈಗ ಎದುರಾಳಿಗಳ ಅತ್ಯಂತ ಗಟ್ಟಿ ವಾದಕ್ಕೆ ಬರ್ತೀನಿ, ಅದನ್ನ ಬಿಟ್ಟರೆ ಮೋಸ ಆಗತ್ತೆ. "ರೇಸಿನಲ್ಲಿ ಫ್ರಂಟ್ ವ್ಹೀಲ್ ಡ್ರೈವ್ ಕಾರುಗಳೂ ಭಾರೀ ಗಟ್ಟಿ ಸ್ಪ್ರಿಂಗ್ ಹಾಕ್ತಾರಲ್ಲ?" ನಿಜ, ಹಾಕ್ತಾರೆ. ಆದರೆ ಅಲ್ಲಿ ಹೆಚ್ಚಿನ ಗಟ್ಟಿತನ ಇರೋದು ಸಾಮಾನ್ಯವಾಗಿ ಹಿಂದೆ! ಏರುಪೇರಿನ ಪಾಲನ್ನ ಹಿಂದಿನ ಜೋಡಿಗೆ ತಳ್ಳಿ, ದುಡಿಯೋ ಮುಂದಿನ ಜೋಡಿಯನ್ನ ಉಳಿಸ್ತಾರೆ. ತಿರುವಿನಲ್ಲಿ ಹಿಂದಿನ ಒಳಚಕ್ರ ಗಾಳಿಯಲ್ಲಿ ಎದ್ದಿರೋ ಗಾಲ್ಫ್ ಜಿಟಿಐ ಫೋಟೋಗಳನ್ನ ನೀವೂ ನೋಡಿರ್ತೀರಿ, ನಾಯಿ ಕಂಬ ಕಂಡ ಹಾಗೆ. ಆ ಚಕ್ರ ಎಳೆಯೋದೂ ಇಲ್ಲ, ತಿರುಗಿಸೋದೂ ಇಲ್ಲ, ಎದ್ದರೆ ಎದ್ದುಕೊಳ್ಳಲಿ. ಇದು ಬುದ್ಧಿವಂತಿಕೆಯೇ. ಆದರೆ ಅದು ನಯವಾದ ಟ್ರ್ಯಾಕು, ಒಬ್ಬನೇ ಡ್ರೈವರ್, ತೂಕ ಬದಲಾಗಲ್ಲ, ಎದುರಿಂದ ಬಸ್ಸು ಬರಲ್ಲ. ಅದೇ ಹಿಂದಿನ ಗಟ್ಟಿತನ ರಸ್ತೆಯಲ್ಲಿ, ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಬಾಲವನ್ನ ಹೊರಗೆ ಎಸೆಯತ್ತೆ. 1980ರ ದಶಕದ ಪ್ಯೂಜೋ 205 ಜಿಟಿಐ ಇಂಥ ಚೇಷ್ಟೆಗೆ ಹೆಸರುವಾಸಿ. ಪಳಗಿದವರಿಗೆ ಅದು ಮಜಾ, ಅಪ್ಪ ಅಮ್ಮನನ್ನ ಕೂರಿಸಿಕೊಂಡು ಹೋಗೋನಿಗೆ ಅಲ್ಲ.

ಮೆತ್ತಗಿರೋದು ಅಂದರೆ ಹಿಡಿತ ಇಲ್ಲದ್ದು ಅನ್ನೋರು ಸಿಟ್ರೊಯೆನ್ 2ಸಿವಿ ಕಾರನ್ನ ನೋಡಬೇಕು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಬಂದದ್ದು, ಫ್ರಂಟ್ ವ್ಹೀಲ್ ಡ್ರೈವ್, ಫ್ರಾನ್ಸಿನ ರೈತರಿಗಾಗಿ ಮಾಡಿದ್ದು. ಉತ್ತ ಹೊಲದಲ್ಲಿ ಮೊಟ್ಟೆ ಬುಟ್ಟಿ ಇಟ್ಟುಕೊಂಡು ಹೋದರೂ ಮೊಟ್ಟೆ ಒಡೆಯಬಾರದು ಅನ್ನೋದು ಅದರ ಮೂಲ ಷರತ್ತು. ಎರಡೂ ಪಕ್ಕದಲ್ಲಿ ಮುಂದಿನ ಹಿಂದಿನ ಚಕ್ರಗಳನ್ನ ಸ್ಪ್ರಿಂಗಿನ ಕೊಳವೆ ಮೂಲಕ ಜೋಡಿಸಿದ್ದರು. ತಿರುವಿನಲ್ಲಿ ಬಾಗಿಲ ಹಿಡಿ ನೆಲಕ್ಕೆ ತಾಗತ್ತೇನೋ ಅನ್ನೋ ಹಾಗೆ ವಾಲತ್ತೆ, ಆದರೆ ನಾಲ್ಕೂ ಟೈರು ರಸ್ತೆಯನ್ನ ಜಿಗಣೆ ಹಾಗೆ ಹಿಡಿದಿರತ್ತೆ. 1990ರವರೆಗೆ ತಯಾರಾಯಿತು. ಆ ರೈತರ ಹೊಲಕ್ಕೂ ನಮ್ಮ ಬಡಾವಣೆಯ ರಸ್ತೆಗೂ ನನಗಂತೂ ಜಾಸ್ತಿ ವ್ಯತ್ಯಾಸ ಕಾಣಲ್ಲ.

ನಮ್ಮ ಹಂಪುಗಳನ್ನೇ ತಗೊಳ್ಳಿ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳೋ ಮಾದರಿ ಹಂಪು 3.7 ಮೀಟರ್ ಉದ್ದ, 10 ಸೆಂ.ಮೀ. ಎತ್ತರ, ಗಂಟೆಗೆ 25 ಕಿ.ಮೀ. ವೇಗದಲ್ಲಿ ನಯವಾಗಿ ದಾಟಬಹುದಾದದ್ದು. ನಮ್ಮ ಬೀದಿಯಲ್ಲಿರೋದು ಅರ್ಧ ಮೀಟರ್ ಉದ್ದದ, ಯಾರೋ ರಾತ್ರೋರಾತ್ರಿ ಡಾಂಬರು ಸುರಿದು ಮಾಡಿದ ಹೆಣ. ಇಂಥ ನೆಲಕ್ಕೆ ಬೇಕಾದ್ದು ಚಲನೆಗೆ ಜಾಗ, ಮೆತ್ತನೆ ಮೂತಿ, ಅದನ್ನ ಹತೋಟಿಯಲ್ಲಿಡೋ ಒಳ್ಳೆ ಶಾಕ್ ಅಬ್ಸಾರ್ಬರು. ವಾಲೋದನ್ನ ತಡೆಯೋಕೆ ಆಂಟಿ ರೋಲ್ ಬಾರ್ ಅಂತ ಬೇರೆಯೇ ಇದೆ. ಅದು ಎರಡೂ ಚಕ್ರ ಒಟ್ಟಿಗೆ ಏಳೋವಾಗ ಸುಮ್ಮನಿರತ್ತೆ, ಒಂದು ಎದ್ದು ಇನ್ನೊಂದು ಇಳಿದಾಗ ಮಾತ್ರ ಅಡ್ಡ ಬರತ್ತೆ. ಅದನ್ನೂ ಅತಿ ಮಾಡಿದರೆ ಒಂದೇ ಚಕ್ರ ಗುಂಡಿಗೆ ಬಿದ್ದಾಗ ಇಡೀ ಗಾಡಿ ಅಡ್ಡಡ್ಡ ಅಲ್ಲಾಡತ್ತೆ.

ಬ್ಯಾಟರಿ ಕಾರು ತಗೊಂಡವರಿಗೂ ಒಂದು ಮಾತು. ನಿಮ್ಮ ಗಾಡಿಯಲ್ಲಿ ನೂರಾರು ಕಿಲೋ ಬ್ಯಾಟರಿ ಸೀಟಿನ ಕೆಳಗೆ ಮಲಗಿದೆ, ಮುಂದೆ ಹಿಂದೆ ತೂಕದ ಹಂಚಿಕೆಯೇ ಬೇರೆ. ಅದೇ ಮಾಡೆಲ್ಲಿನ ಪೆಟ್ರೋಲ್ ಕಾರಿನ ಸ್ಪ್ರಿಂಗ್ ನಂಬರ್ ನಿಮಗೆ ಯಾವ ಲೆಕ್ಕಕ್ಕೂ ಬರಲ್ಲ.

ಗಾಡಿ ಹಳೇದಾಗಿ ನಿಜಕ್ಕೂ ತೇಲಾಡ್ತಾ ಇದ್ದರೆ ಮೊದಲು ಟೈರಿನ ಗಾಳಿ ನೋಡಿ, ಆಮೇಲೆ ಬುಷ್, ಆಮೇಲೆ ಶಾಕ್ ಅಬ್ಸಾರ್ಬರು. ಸ್ಪ್ರಿಂಗು ಕುಸಿದಿದೆಯಾ ತಿಳಿಯೋಕೆ ಮನೆಯ ಅಳತೆ ಟೇಪು ಸಾಕು. ಸಮ ನೆಲದಲ್ಲಿ ನಿಲ್ಲಿಸಿ ಚಕ್ರದ ನಡುವಿಂದ ಫೆಂಡರಿನ ಅಂಚಿನವರೆಗೆ ನಾಲ್ಕೂ ಕಡೆ ಅಳೆಯಿರಿ. ಎಡ ಬಲಕ್ಕೆ ದೊಡ್ಡ ವ್ಯತ್ಯಾಸ ಇದ್ದರೆ ಆ ಜೋಡಿಯನ್ನ ಕಂಪನಿಯದ್ದೇ ಹೊಸ ಸ್ಪ್ರಿಂಗಿಗೆ ಬದಲಾಯಿಸಿ, ಜೋಡಿಯಾಗಿಯೇ.

ಇಷ್ಟೆಲ್ಲ ಕೇಳಿಯೂ 'ಇಲ್ಲ, ನನಗೆ ಗಟ್ಟಿಯೇ ಬೇಕು' ಅನ್ನೋರು ಅಂಗಡಿಗೆ ಹೋಗಿ ಮೂರು ಪ್ರಶ್ನೆ ಕೇಳಿ. ಚಕ್ರದ ಹತ್ತಿರ ಇದರ ಗಟ್ಟಿತನ ಎಷ್ಟು? ಐದು ಜನ ಕೂತಾಗ ಬಂಪ್ ಸ್ಟಾಪಿಗೆ ಎಷ್ಟು ಮಿಲಿಮೀಟರ್ ಉಳಿಯತ್ತೆ? ಮುಂದೆ ಹಿಂದೆ ಎಷ್ಟೆಷ್ಟು ಹರ್ಟ್ಜ್? ಮೂರಕ್ಕೂ ಸರಿ ಉತ್ತರ ಕೊಡೋ ಅಂಗಡಿ ಸಿಕ್ಕರೆ ದಯವಿಟ್ಟು ನನಗೂ ವಿಳಾಸ ಕಳಿಸಿ. ಜಾವಾ ಬಿಟ್ಟು ಅಲ್ಲೇ ಕೆಲಸಕ್ಕೆ ಸೇರ್ತೀನಿ :-)